ಕರಗದ ಪುಡಿ

ಜೇಬಿಂದ ಕೈ ತೆಗಿ. ತೆಗಿಯೋ ಅಂದ್ರೆ! ಆ ಶೀಶೆ ಇತ್ತ ಕೊಡು... ಅಯ್ಯೋ, ಬಾಗಿಲು ಮುಟ್ಟಬೇಡ! ಬೆಳಕು ಬಿದ್ದರೆ ಪುಡಿ ಹಳದಿಯಾಗುತ್ತೆ. ಈ ಕೋಣೆಗೆ ಕಿಟಕಿ ಇಲ್ಲದಿರೋದು, ಈ ಕೆಂಪು ದೀಪ ಹಾಕಿರೋದು ಮತ್ಯಾಕೆ? ಮುಚ್ಚಳ ಬೇರೆ ಸಡಿಲ ಮಾಡಿದೀಯ! ತೇವ ಹೀರಿದರೆ ಗಟ್ಟಿಯಾಗಿ ಕೂತುಬಿಡುತ್ತೆ. ಅಕ್ಕ ಕೆಲಸ ಮಾಡೋ ಜಾಗ ನೋಡಬೇಕು ಅಂದೆಯಲ್ಲ ಅಂತ ಕರಕೊಂಡು ಬಂದೆ. ಕದಿಯೋಕಾ ಬಂದಿದ್ದು ನೀನು?

ಅಮ್ಮನಿಗೇ ಅಂತ ಗೊತ್ತು ಕಣೋ. ನನಗೇನು ಸಂಕಟ ಇಲ್ವಾ? ಬೆರಳಿನ ಬಲ ಹೋಗೋದರಿಂದ ಶುರುವಾಗಿದ್ದು, ಈಗ ಹಾಸಿಗೇಲಿ ಮಗ್ಗುಲು ಬದಲಿಸೋಕೂ ನಾವೇ ಬೇಕು. ಆದರೆ ಇದು ಇನ್ನೂ ಔಷಧ ಅಲ್ಲ. ಆ ಕಾಯಿಲೆ ತಡೆಯುತ್ತೆ ಅಂತ ಗೊತ್ತಾಗಿರೋದು ಇಲಿಗಳಿಗೆ ಚುಚ್ಚಿ. ಮನುಷ್ಯರು ನುಂಗೋ ಮಾತ್ರೆ ಆಗುತ್ತಾ, ಎಲ್ಲಿ ಕರಗುತ್ತೆ, ಯಾವುದಕ್ಕೆ ಕೆಡುತ್ತೆ, ಅದನ್ನ ನೋಡೋದೇ ನನ್ನ ಕೆಲಸ.

ಯಾಕೆ ನಗ್ತೀಯ? ಅಕ್ಕನ ಪಾಠ ಶುರುವಾಯ್ತು ಅಂತಾನಾ? ಪಾಠ ಅಂತಲೇ ಅಂದುಕೋ. ಇಲ್ಲಿ ನೋಡು, ನೀರಿಗೆ ಹಾಕಿದ್ದೀನಿ. ಯಂತ್ರ ಬೆಳಗ್ಗೆಯಿಂದ ಕುಲುಕ್ತಾನೇ ಇದೆ. ಕರಗಿದೆಯಾ? ಮರಳು ಕೂತ ಹಾಗೆ ಕೂತಿದೆ. ಹೊಟ್ಟೆಯೊಳಗಿನ ಹುಳಿರಸದಂಥ ದ್ರವದಲ್ಲೂ ಅಷ್ಟೇ. ಕರಗದೇ ಇರೋದು ರಕ್ತಕ್ಕೆ ಹೇಗಪ್ಪಾ ಸೇರುತ್ತೆ? ಹೋದ ಹಾಗೇ ಆಚೆ ಬರುತ್ತೆ. ಇದನ್ನ ಕರಗೋ ಹಾಗೆ ಮಾಡೋಕೆ ಇನ್ನೂ ವರ್ಷಗಳು ಬೇಕು... ಅಷ್ಟು ವರ್ಷ ಅಮ್ಮ... ಗೊತ್ತು. ಹೇಳಬೇಡ.

ಜೇನಲ್ಲಿ ಕಲಸಿ ಕೊಡೋದಾ? ಜೇನಲ್ಲೂ ಆಗಲ್ಲ, ಕಹಿ ಹೋಗೋದೇ ಇಲ್ಲ. ನಾಲಿಗೆ ಜೋಮು ಹಿಡಿದು ಸಂಜೆವರೆಗೂ ಊಟದ ರುಚಿ ಗೊತ್ತಾಗಲ್ಲ. ಆಮೇಲೆ ಹೊಟ್ಟೆ ನುಲಿಯುತ್ತೆ. ಅಷ್ಟೆಲ್ಲಾ ಆದರೂ ಬೆರಳಿಗೆ ಮಾತ್ರ ಒಂಚೂರೂ...

ಏನು? ಇದೆಲ್ಲಾ ನನಗೆ ಹೇಗೆ ಗೊತ್ತು ಅಂತಾನಾ?

ಇಲಿಗಳು ಕಣೋ. ಇಲಿಗಳ ವಿಷಯ ಹೇಳ್ತಿದ್ದೆ ನಾನು.

ಹಾಗೆ ನೋಡಬೇಡ. ಕೈ ಯಾಕೆ ನೋಡ್ತೀಯ? ಗ್ಲೌಸು ಜಾರುತ್ತೆ, ಅದಕ್ಕೇ ಶೀಶೇನ ಎರಡು ಕೈಲೂ ಹಿಡಿದಿದ್ದೀನಿ. ಎಲ್ಲರೂ ಹೀಗೇ ಹಿಡಿಯೋದು... ಅಮ್ಮನೂ ಮೊದಮೊದಲು ಲೋಟ ಹೀಗೇ... ಥೂ! ಬೈಯೋದಾದರೂ ಬೈಯಿ!



ಸರಿ. ಬಾ ಇಲ್ಲಿ. ಮುಚ್ಚಳ ಬಿಗಿ ಮಾಡು, ಒಳಗೆ ತೇವ ಸೇರುತ್ತೆ. ನೀನೇ ಮಾಡಪ್ಪಾ... ನನ್ನ ಕೈಲಿ ಆಗ್ತಿಲ್ಲ.