ಮೊದಲ ಸಾಲಿನ ಹದಿನಾಲ್ಕು ಕುರ್ಚಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಮ್ಮ ಪಾದರಕ್ಷೆ ಕಾರ್ಯಾಗಾರದ ಒಡತಿಯಾದ ಅಕ್ಕ ಅವರೇ, ಕುಳಿತಿರುವ ಸಭಿಕರೇ, ಗೋಡೆಗೆ ಒರಗಿ ನಿಂತಿರುವ ಸಭಿಕರೇ, ಬಾಗಿಲಾಚೆ ಮೆಟ್ಟಿಲ ಮೇಲೆ ಕಾಯುತ್ತಿರುವ ಸಭಿಕರೇ,

ಕಾರ್ಯಾಗಾರಕ್ಕೆ ಹನ್ನೆರಡು ವರ್ಷ ತುಂಬಿದ ಈ ದಿನ, ವ್ಯಾಪಾರ ಬೆಳೆದರೂ ಇಮೇಲ್ ಪತ್ರಗಳ ಆತ್ಮೀಯತೆಯನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ವಿಷಯದ ಮೇಲೆ ಹತ್ತು ನಿಮಿಷ ಮಾತಾಡಬೇಕೆಂದು ನನಗೆ ಹೇಳಿದ್ದಾರೆ. ಆಮೇಲೆ ಈ ಮೇಜಿನ ಮೇಲಿರುವ ಫಲಕವನ್ನು ನನಗೆ ಕೊಡುತ್ತಾರೆ. ಅದರ ಮೇಲೆ 'ನಾಲ್ಕು ಸಾವಿರ ಮಂದಿಗೆ ಮನೆಯವರಂತೆ ಬರೆದ ಕೈಗೆ' ಎಂದು ಕೆತ್ತಿಸಿದ್ದಾರೆ. ಕೆತ್ತಿದ್ದನ್ನು ಅಳಿಸುವುದು ಹೇಗೆ ಎಂದು ನಾನು ಬೆಳಗ್ಗಿನಿಂದ ಯೋಚಿಸುತ್ತಿದ್ದೇನೆ.

ನಾನು ಈ ಕೆಲಸಕ್ಕೆ ಸೇರಿದ್ದು ಅಂಗಡಿಯ ಮುಂಭಾಗದಲ್ಲಿ ಗಿರಾಕಿಗಳನ್ನು ಮಾತಾಡಿಸಲು. ಸಾಹಿತ್ಯ ಓದಿದವಳು, ಮಾತು ಚೆನ್ನಾಗಿರಬಹುದು ಎಂದು ಅಕ್ಕ ನಂಬಿದರು. ಮೊದಲ ದಿನ ಒಬ್ಬರು ಒಳಗೆ ಬಂದರು, ನಾನು ಡಬ್ಬಿಗಳ ಹಿಂದೆ ನಿಂತುಕೊಂಡೆ. ಅವರು ಹೋಗುವವರೆಗೂ ಅಲ್ಲೇ ಇದ್ದೆ. ಅಕ್ಕ ಬೈಯಲಿಲ್ಲ. "ಬಾಯಿ ಬರದಿದ್ರೆ ಬೇಡ ಬಿಡೇ, ಸಾಹಿತ್ಯ. ಕೈ ಬರುತ್ತಲ್ಲ. ಬಾ, ಕಂಪ್ಯೂಟರ್ ಮುಂದೆ ಕೂತ್ಕೋ" ಎಂದರು. ಅಂದಿನಿಂದ ಕಾರ್ಯಾಗಾರದಲ್ಲಿ ನನ್ನ ಹೆಸರೇ ಸಾಹಿತ್ಯ. ಚರ್ಮ ಕತ್ತರಿಸುವ ಅಟ್ಟೆಯಣ್ಣನಂತೂ, "ಸಾಹಿತ್ಯಕ್ಕೆ ಟೀ ಕೊಟ್ರಾ?" ಎಂದು ದಿನವೂ ಕೇಳುತ್ತಾನೆ.

ನಮ್ಮಲ್ಲಿ ಹೊಲಿಯುವುದು ಎರಡು ಕಾಲೂ ಒಂದೇ ಅಳತೆಯಲ್ಲಿಲ್ಲದವರಿಗೆ ಎಂಬುದು ನಿಮಗೆ ಗೊತ್ತೇ ಇದೆ. ಬಂದವರನ್ನು ಕಂದು ಕಾಗದದ ಮೇಲೆ ನಿಲ್ಲಿಸಿ, ಪೆನ್ಸಿಲಿನಿಂದ ಪಾದದ ಸುತ್ತ ಗೆರೆ ಎಳೆಯುತ್ತೇವೆ. ಅದರ ಹಿಂದೆ ಅಕ್ಕ ಒಂದೆರಡು ಮಾತು ಬರೆದಿಡುತ್ತಾರೆ. 'ಎಡಗಾಲು ಅರ್ಧ ಇಂಚು ಗಿಡ್ಡ. ಮೆಟ್ಟಿಲು ಇಳಿಯುವಾಗ ಭಯ.' 'ಮಗಳ ಮದುವೆಗೆ ಕುಂಟದೆ ನಡೆಯಬೇಕಂತೆ.' ಪತ್ರ ಬರೆಸುವಾಗ ಅಕ್ಕನದು ಒಂದೇ ನಿಯಮ. ಯಾರಿಗೆ ಬರೆಯುತ್ತೇವೋ ಅವರ ಪಾದದ ಕಾಗದ ಮೇಜಿನ ಮೇಲಿರಬೇಕು. ಅಕ್ಕ ಅದನ್ನು ನೋಡುತ್ತಾ ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ದಿನಕ್ಕೆ ಆರು ಪತ್ರ. ಹೆಚ್ಚೆಂದರೆ ಏಳು.

ಆಮೇಲೆ ಪತ್ರಿಕೆಯೊಂದರಲ್ಲಿ ನಮ್ಮ ಬಗ್ಗೆ ಬಂತು. ಪಟ್ಟಿ ಇನ್ನೂರರಿಂದ ನಾಲ್ಕು ಸಾವಿರದ ಮುನ್ನೂರಕ್ಕೆ ಏರಿತು. ದಿನಕ್ಕೆ ಆರರಂತೆ ಬರೆದರೆ ಒಬ್ಬೊಬ್ಬರ ಸರದಿ ಎರಡು ವರ್ಷಕ್ಕೊಮ್ಮೆ. ಅಷ್ಟರಲ್ಲಿ ಜೋಡು ಸವೆದೇ ಹೋಗಿರುತ್ತದೆ. ನಾನೇನು ಮಾಡಬೇಕಿತ್ತು, ನೀವೇ ಹೇಳಿ. ಕಾಗದಗಳನ್ನು ಪೆಟ್ಟಿಗೆಗೆ ತುಂಬಿದೆ. ಎಲ್ಲರಿಗೂ ಹೊಂದುವಂಥ ಒಂದು ಪತ್ರ ಬರೆದೆ. ಹೆಸರಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರೇ ತುಂಬಿಕೊಳ್ಳುತ್ತದೆ. ಅಕ್ಕನಿಗೆ ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಚೆನ್ನಾಗಿದೆ. ಆದ್ರೆ ಇದು ಯಾರ ಕಾಲಿಗೆ ಬರೆದದ್ದು?" ಎಂದರು.

"ಎಲ್ಲರಿಗೂ, ಅಕ್ಕ."

"ಎಲ್ಲರ ಕಾಲಿಗೂ ಆಗೋ ಜೋಡನ್ನ ನಾವು ಮಾರಲ್ವಲ್ಲೇ" ಎಂದರು. ಆದರೂ ಕಳಿಸು ಎಂದರು, ಏಕೆಂದರೆ ನನ್ನನ್ನು ನಂಬಿದ್ದರು.

ಈಗ ಈ ಸಭೆಯ ವಿಷಯಕ್ಕೆ ಬರುತ್ತೇನೆ. ಬರಲೇಬೇಕು, ಏಕೆಂದರೆ ಬಾಗಿಲಿನಿಂದ ಇನ್ನೂ ಜನ ಒಳಗೆ ಬರುತ್ತಿದ್ದಾರೆ.

ಆಹ್ವಾನ ಪತ್ರದ ಕೆಲಸ ನಡೆಯುತ್ತಿದ್ದಾಗ ಅಕ್ಕ ಪೆಟ್ಟಿಗೆಯಿಂದ ಒಂದೇ ಒಂದು ಪಾದದ ಕಾಗದ ಹುಡುಕಿ ತಂದರು. ಅದು ಗಡಿಯಾರ ರಿಪೇರಿ ಮಾಡುವ ಯಜಮಾನರದು. ನಮ್ಮ ಮೊದಲ ಗಿರಾಕಿ. ಬಲಗಾಲಿನ ಮೇಲೆ ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಲಾರರು. "ಇವರಿಗೆ ಬೇರೆ ಬರಿ. 'ಮೊದಲ ಸಾಲಿನಲ್ಲಿ ನಿಮಗಾಗಿ ಒಂದು ಕುರ್ಚಿ ಇಟ್ಟಿರುತ್ತೇನೆ, ಬೇರೆ ಯಾರನ್ನೂ ಕೂರಿಸುವುದಿಲ್ಲ' ಅಂತ ಬರಿ" ಎಂದರು.

ಬರೆದೆ. ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಸಭಿಕರೇ, ಐದು ವರ್ಷ ಸಾಹಿತ್ಯ ಓದಿದ ನನ್ನ ಕೈಯಿಂದ ಅಷ್ಟು ಬೆಚ್ಚಗಿನ ವಾಕ್ಯ ಒಂದೂ ಹುಟ್ಟಿರಲಿಲ್ಲ. ಇಷ್ಟು ಒಳ್ಳೆಯ ವಾಕ್ಯವನ್ನು ಒಬ್ಬರೇ ಓದಿದರೆ ಸಾಕೇ? ಕಂಪ್ಯೂಟರ್ ತಪ್ಪು ಮಾಡಿತು ಎಂದು ಹೇಳಬಹುದಿತ್ತು. ಬೆಳಗ್ಗೆ ಹಾಗೆ ಹೇಳುವ ಅಭ್ಯಾಸವನ್ನೂ ಮಾಡಿದೆ. ಆದರೆ ಕಂಪ್ಯೂಟರ್ ಮಾಡಲಿಲ್ಲ, ನಾನು ಮಾಡಿದೆ. ಆ ವಾಕ್ಯವನ್ನು ಎಲ್ಲರ ಪತ್ರಕ್ಕೂ ಸೇರಿಸಿದೆ. ಅದು ಚೆನ್ನಾಗಿ ಕೇಳಿಸುತ್ತಿತ್ತು, ಅಷ್ಟೇ. ಅದನ್ನು ಓದಿದವರು ಬಂದು ಕುರ್ಚಿ ಕೇಳುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ನನ್ನ ತಾಯಿಯೂ ನಮ್ಮ ಗಿರಾಕಿ. ಅವರಿಗೂ ಪತ್ರ ಹೋಯಿತು. "ಮನೇಲಿ ನನ್ನ ಹತ್ರ ಎರಡು ಮಾತಾಡಲ್ಲ, ಪತ್ರದಲ್ಲಿ ಕುರ್ಚಿ ಇಡ್ತೀಯಾ" ಎಂದು ನಕ್ಕರು. ಖುಷಿಯಾಗಿತ್ತು ಅವರಿಗೆ. ಅಮ್ಮ, ಎಡದಿಂದ ಎರಡನೇ ಕುರ್ಚಿಯಲ್ಲಿ ಕೂತಿದ್ದೀರಿ. ಅದು ಎಲ್ಲರಿಗೂ ಹೋದ ವಾಕ್ಯ ಎಂದು ಆಗ ನಾನು ಹೇಳಬೇಕಿತ್ತು. ಹೇಳಲಿಲ್ಲ.

ಪತ್ರಗಳಿಗೆ ಬರುವ ಉತ್ತರಗಳನ್ನು ನಾನು ಎಂಟು ತಿಂಗಳಿಂದ ತೆರೆದಿರಲಿಲ್ಲ. ಇದನ್ನು ಹೇಳುವ ಉದ್ದೇಶ ಇರಲಿಲ್ಲ; ಬಾಯಿಗೆ ಬಂತು, ಇರಲಿ. ಇಂದು ಬೆಳಗ್ಗೆ ತೆರೆದೆ. ಇನ್ನೂರ ಹನ್ನೆರಡು ಜನ ಬರುತ್ತೇವೆ ಎಂದಿದ್ದರು. ಈ ಸಭಾಂಗಣದಲ್ಲಿರುವುದು ನೂರ ಇಪ್ಪತ್ತು ಕುರ್ಚಿ. ಮೊದಲ ಸಾಲಿನಲ್ಲಿ ಹದಿನಾಲ್ಕು. ನಾಲ್ಕು ಸಲ ಎಣಿಸಿದೆ, ಹೆಚ್ಚಾಗಲಿಲ್ಲ. ಅಟ್ಟೆಯಣ್ಣ ಕುರ್ಚಿ ಜೋಡಿಸುತ್ತಾ, "ಏನ್ ಸಾಹಿತ್ಯ, ಮುಖ ಯಾಕೆ ಹಂಗಿದೆ? ಬಹುಮಾನ ಭಾರ ಅಂತನಾ?" ಎಂದ. ಹೌದು ಎಂದೆ.

ಗಡಿಯಾರದ ಯಜಮಾನರ ಉತ್ತರವೂ ಅದರಲ್ಲಿತ್ತು. 'ಬಸ್ಸಿನಲ್ಲಿ ಎರಡು ಗಂಟೆ. ಕುರ್ಚಿ ಇದೆಯೆಂದು ಬರೆದಿದ್ದೀರಿ, ಹಾಗಾಗಿ ಧೈರ್ಯದಿಂದ ಹೊರಡುತ್ತೇನೆ.'

ಯಜಮಾನರಿಗಾಗಿ ಅಕ್ಕ ಒಂದು ಕುರ್ಚಿಯ ಮೇಲೆ ಚೀಟಿ ಅಂಟಿಸಿದ್ದರು. ಅಲ್ಲಿ ಈಗ ಮತ್ತೊಬ್ಬರು ಕೂತಿದ್ದಾರೆ. ಅವರ ತಪ್ಪಲ್ಲ, ಅವರ ಕೈಯಲ್ಲೂ ಅದೇ ಪತ್ರವಿದೆ. ಯಜಮಾನರು ಮೂರನೇ ಕಿಟಕಿಯ ಹತ್ತಿರ ನಿಂತಿದ್ದಾರೆ. ಪ್ರಿಂಟ್ ತೆಗೆಸಿ ಮಡಚಿದ ಪತ್ರ ಹಿಡಿದುಕೊಂಡು, ಒಮ್ಮೆ ಪತ್ರ, ಒಮ್ಮೆ ಮೊದಲ ಸಾಲು ನೋಡುತ್ತಿದ್ದಾರೆ. ಬಲಗೈಯಲ್ಲಿ ಕಿಟಕಿಯ ಸರಳು ಹಿಡಿದಿದ್ದಾರೆ. ನಾನು ಮಾತು ಆರಂಭಿಸಿ ಒಂಬತ್ತು ನಿಮಿಷವಾಯಿತು.

ಇನ್ನೊಂದು ಮಾತಿದೆ. ನಾಳೆ ಬೆಳಗ್ಗೆ ಹೋಗಬೇಕಾದ ಪತ್ರವೂ ಅಕ್ಕನ ಹೆಸರಿನಲ್ಲಿ ಸಿದ್ಧವಾಗಿದೆ. 'ನಿಮ್ಮನ್ನು ಮೊದಲ ಸಾಲಿನಲ್ಲಿ ಕಂಡು ನನ್ನ ಕಣ್ಣು ತುಂಬಿತು' ಎಂದು ನಾಲ್ಕು ಸಾವಿರದ ಮುನ್ನೂರು ಜನರಿಗೆ ಬರೆದಿದ್ದೇನೆ. ಅದನ್ನು ತಡೆಯುತ್ತೇನೆ. ನನ್ನ ಕೆಲಸ ಉಳಿದಿದ್ದರೆ ನಾಳಿದ್ದಿನಿಂದ ಪೆಟ್ಟಿಗೆ ಬಿಚ್ಚುತ್ತೇನೆ. ಅಂಗಡಿಯ ಸುದ್ದಿಯನ್ನು ಸುದ್ದಿಯೆಂದೇ ಎಲ್ಲರಿಗೂ ಕಳಿಸೋಣ. 'ನಿಮಗಾಗಿ' ಎಂದು ಬರೆಯಬೇಕಾದಾಗ ಪಾದದ ಕಾಗದ ಮೇಜಿನ ಮೇಲಿರಲಿ, ದಿನಕ್ಕೆ ಆರೇ ಆಗಲಿ. ನನಗೆ ಕೊಟ್ಟ ವಿಷಯದ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ.

ಅಕ್ಕ ಎದ್ದಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ. ಗೋಡೆಯ ಉದ್ದಕ್ಕೂ ನಿಂತವರ ಹತ್ತಿರ ಹೋಗುತ್ತಿದ್ದಾರೆ. ಮುಖ ನೋಡುತ್ತಿಲ್ಲ, ಕಾಲು ನೋಡುತ್ತಿದ್ದಾರೆ. ಯಾರನ್ನು ಮೊದಲು ಕೂರಿಸಬೇಕೆಂದು ಅವರಿಗೆ ಗೊತ್ತು.

ಫಲಕ ಮೇಜಿನ ಮೇಲೇ ಇರಲಿ. ವೇದಿಕೆಯ ಮೇಲೆ ನನಗೊಂದು ಕುರ್ಚಿ ಹಾಕಿದ್ದಾರೆ, ಅದನ್ನು ಎತ್ತಿಕೊಂಡು ಕೆಳಗೆ ಬರುತ್ತೇನೆ. ಮೊದಲ ಸಾಲಿನ ಮುಂದೆ ಇಟ್ಟರೆ ಅದೇ ಮೊದಲ ಸಾಲಾಗುತ್ತದೆ. ಅಧ್ಯಕ್ಷರೇ, ಅತಿಥಿಗಳೇ, ತಮ್ಮ ಕುರ್ಚಿಗಳನ್ನು ಕೇಳುವಷ್ಟು ಧೈರ್ಯ ನನಗಿಲ್ಲ. ತಾವಾಗಿಯೇ ಎದ್ದರೆ ಬೇಡ ಎನ್ನುವುದಿಲ್ಲ.

ಗಡಿಯಾರದ ಯಜಮಾನರೇ, ಕಿಟಕಿಯ ಸರಳು ಬಿಡಬೇಡಿ. ಬರುತ್ತಿದ್ದೇನೆ. ನಿಂತು ಕೇಳಿದ ಎಲ್ಲರಿಗೂ ನಾನು ಋಣಿ, ಕೂತು ಕೇಳಿದವರಿಗೂ. ನಮಸ್ಕಾರ.