ಪುಟಕ್ಕೆ ಎರಡು ಪದ್ಯ

ಗಂಡನ ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಗ್ಗೆ, ಕಾಲೇಜು ಗ್ರಂಥಾಲಯದ ಸಾಲಿನಲ್ಲಿ ನಿಂತಿದ್ದೆ. ಮುಂದೆ ಗ್ರಾಫಿಕ್ ಡಿಸೈನ್ ಓದುವ ಇಬ್ಬರು ಹುಡುಗಿಯರು, ಬಿಸಿಯೇರುತ್ತಿರುವ ಭೂಮಿಯ ಬಗ್ಗೆ ತಾವು ಮಾಡುತ್ತಿದ್ದ ಪದ್ಯಪುಸ್ತಕದ ಕರಡು ತಿರುವುತ್ತಿದ್ದರು.

“ಕಾಡು ಉಳಿಸಿ ಅಂತ ನಾನು ಬರೆದ್ರೆ, ನಾಲ್ಕು ಸಾಲಿಗೆ ಒಂದು ಪುಟ ಕೊಟ್ಟಿದ್ದೀಯಲ್ಲೇ! ಜನ ನಗಲ್ವಾ?”

“ಸುತ್ತ ಖಾಲಿ ಇದ್ರೇನೇ ಚೆಂದ ಕಣೇ.”

“ಚೆಂದಕ್ಕೆ ಎಷ್ಟು ಮರ ಕಡೀತೀಯ, ಮಹಾರಾಯ್ತಿ?”

“ಸರಿ, ಪುಟಕ್ಕೆರಡು ಹಾಕ್ತೀನಿ. ಆದ್ರೆ ನನ್ನ ಆಲದ ಚಿತ್ರ ಎಲ್ಲಿ ಹೋಗ್ಬೇಕು? ಮೂರು ವಾರ ಕೂತು ಬಿಡಿಸಿದ್ದು.”

“ಮುಖಪುಟಕ್ಕೆ ಹಾಕು.”

“ಅಲ್ಲಿ ನಿನ್ನ ಹೆಸರು ದೊಡ್ಡದಾಗಿ ಬರ್ಬೇಕಿತ್ತಲ್ಲ?”

“ಸಣ್ಣದಾಗೇ ಇರ್ಲಿ ಬಿಡು. ನಮ್ಮಮ್ಮ ಕನ್ನಡಕ ಹಾಕ್ಕೊಂಡು ಹುಡುಕ್ತಾಳೆ.”

ನಗುತ್ತಾ ಹೊರಟರು.

ಗಂಡ ಎರವಲು ತಂದಿದ್ದ ಪುಸ್ತಕವನ್ನು ಕೊಟ್ಟೆ.

“ಇನ್ನೂ ಒಂದು ವಾರ ಇಟ್ಕೋಬಹುದಮ್ಮ,” ಎಂದರು ಗ್ರಂಥಪಾಲಕರು.

“ಬೇಡ, ಅವರು ಓದಿ ಮುಗಿಸಿದ್ದಾರೆ,” ಎಂದೆ.