ವಾಂತಿ ಮಾತ್ರೆಯನ್ನು ಮೂರು ಸಲ ಕೊಟ್ಟ ಬಗ್ಗೆ

ಹೆಸರು: ಕಂಪನಿಯವರೆಲ್ಲ ಕರೆಯುವಂತೆ ಗುಡುಗಪ್ಪ. ವಯಸ್ಸು: 58. ವೃತ್ತಿ: ನಾಟಕ ಕಂಪನಿಯಲ್ಲಿ ಪರದೆಯ ಮರೆಯಿಂದ ನಟರಿಗೆ ಮಾತು ಎತ್ತಿಕೊಡುವುದು. ವಾಸ: ರಂಗಮಂದಿರದ ಹಿಂದಿನ ಎರಡನೇ ಕೋಣೆ.

ಈ ಮೂಲಕ ತಿಳಿಸುವುದೇನೆಂದರೆ, ಈ ದಿನ ಬೆಳಿಗ್ಗೆ 8.10ಕ್ಕೆ ನನ್ನ ಮಗಳು, ವಯಸ್ಸು 17, ಕಂಪನಿಯ ವ್ಯಾನಿನಿಂದ ಇಳಿದವಳೇ ವಾಂತಿ ಮಾಡಿಕೊಂಡಳು. ಹಿಂದೊಮ್ಮೆ ವೈದ್ಯರು ನನಗೆಂದು ಬರೆದುಕೊಟ್ಟಿದ್ದ ವಾಂತಿ ಮಾತ್ರೆ ಜೇಬಿನಲ್ಲಿತ್ತು. ಒಂದು ಕೊಟ್ಟೆನು. 8.40ಕ್ಕೆ, ಇನ್ನೂ ಹೊಟ್ಟೆ ತೊಳಸುತ್ತಿದೆ ಎಂದಳು. ನಟನಿಗೆ ಒಂದು ಸಲ ಕೇಳಿಸದಿದ್ದರೆ ಎರಡನೇ ಸಲ, ಮೂರನೇ ಸಲ ಎತ್ತಿಕೊಡುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ಮಾತ್ರೆಯನ್ನೂ ಹಾಗೆಯೇ ಎರಡನೇ ಸಲ ಕೊಟ್ಟೆನು. 9.30ಕ್ಕೆ ಮೂರನೆಯದು. 10.30ಕ್ಕೆ ದವಡೆ ಒಂಥರಾ ಎಳೆಯುತ್ತಿದೆ ಎಂದಳು. ಅಂಜಿಕೆಗೆ ಹಾಗಾಗುತ್ತೆ ಕಣೇ, ಬಾಯಿ ಸಡಿಲ ಬಿಡು ಎಂದೆನು.

10.50ಕ್ಕೆ ತಾಲೀಮು. ರಾಣಿ ವಿಷ ಕುಡಿಯುವ ದೃಶ್ಯ. ರಾಣಿಯ ಪಾತ್ರ ಮಗಳದು. ಬಟ್ಟಲಿಗೆ ಸಕ್ಕರೆ ನೀರು ಸುರಿದದ್ದು ವೇಷ ಹೊಲಿಯುವ ಹೊಲಿಗೆಯಕ್ಕ. ಮಗಳು ಕುಡಿದ ಒಂದು ನಿಮಿಷಕ್ಕೆ ಕತ್ತು ಎಡಕ್ಕೆ ತಿರುಚಿಕೊಂಡಿತು. ಕಣ್ಣುಗುಡ್ಡೆ ಮೇಲೆ ಹೋಗಿ ನಿಂತಿತು. ನಾನು ಆರು ಅಡಿ ದೂರದಿಂದ, ಭೇಷ್ ಮಗಳೇ, ಹಾಗೇ ಇರು ಎಂದೆನು. ಮುಂದಿನ ಮಾತನ್ನು ಮೂರು ಸಲ ಎತ್ತಿಕೊಟ್ಟೆನು. ಮಾತು ಬರಲಿಲ್ಲ. ಕಣ್ಣೀರು ಬಂತು. ನಾಟಕದ ಪುಸ್ತಕದಲ್ಲಿ ಆ ಜಾಗದಲ್ಲಿ ಕಣ್ಣೀರು ಇಲ್ಲ.

ನಾನು ಹೊಲಿಗೆಯಕ್ಕನ ಕೈ ಹಿಡಿದು, ಪಾತಕೀ, ನನ್ನ ಕೂಸಿಗೆ ನಿಜವಾದ ವಿಷ ಹಾಕಿದೆಯಾ ಎಂದು ಕೂಗಿದೆನು. ಠಾಣೆಗೆ ಫೋನ್ ಮಾಡಿದವನೂ ನಾನೇ. ಆಕೆ, ಗುಡುಗಣ್ಣಾ, ನಿನ್ನ ಡೈಲಾಗ್ ಆಮೇಲೆ ಹೊಡಿ, ಮೊದಲು ಮಗೂನ ಎತ್ತು ಎಂದಳು.

11.15ಕ್ಕೆ ಆಸ್ಪತ್ರೆ. ಏನು ಕೊಟ್ಟಿದ್ದೀರಿ ಎಂದು ವೈದ್ಯೆ ಕೇಳಿದರು. ಏನೂ ಇಲ್ಲ ಎಂದೆನು. ಹೊಲಿಗೆಯಕ್ಕ ನನ್ನ ಜೇಬಿಗೆ ಕೈ ಹಾಕಿ ಮಾತ್ರೆಯ ಹಾಳೆ ತೆಗೆದಳು. ಮೂರು ಗುಳಿ ಖಾಲಿ. ಬೆಳಿಗ್ಗೆಯಿಂದ ಪೆಪ್ಪರಮೆಂಟಿನ ಹಾಗೆ ಹಂಚಿದ್ದೀಯಲ್ಲಣ್ಣಾ ಎಂದಳು.

ಇದು ವಿಷವಲ್ಲ, ಈ ಮಾತ್ರೆಯ ಅಡ್ಡಪರಿಣಾಮ ಎಂದು ವೈದ್ಯೆ ತಿಳಿಸಿದರು. ಎಳೆಯರಿಗೆ ಒಂದೇ ಮಾತ್ರೆಗೂ ಹೀಗಾಗುವುದುಂಟು, ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡಬಾರದು, ಹೇಳಿದ ಹೊತ್ತಿಗಿಂತ ಮೊದಲು ಎರಡನೆಯದು ನುಂಗಿಸಬಾರದು, ಕತ್ತು ದವಡೆ ಬಿಗಿದರೆ ತಕ್ಷಣ ಕರೆತರಬೇಕು ಎಂದರು. ನಾಳೆಯೊಳಗೆ ಮತ್ತೆ ಬಿಗಿಯಬಹುದು, ಕಣ್ಣಿಟ್ಟಿರಿ ಎಂದೂ ಹೇಳಿದರು.

11.25ಕ್ಕೆ ಇಂಜೆಕ್ಷನ್. 11.40ಕ್ಕೆ ಕತ್ತು ನೇರವಾಯಿತು. ಮಗಳು ಮೊದಲು ಆಡಿದ ಮಾತು, ಅಪ್ಪಾ, ನಂಗೆ ಮಾತು ಮರೆತಿರಲಿಲ್ಲ, ನಾಲಿಗೆ ತಿರುಗಲಿಲ್ಲ ಅಷ್ಟೇ ಎಂಬುದು.

ಹೊಲಿಗೆಯಕ್ಕನ ಮೇಲೆ ನನ್ನ ದೂರು ಇಲ್ಲ. ಕೊಟ್ಟದ್ದು ನನ್ನ ಕೈ. ಠಾಣೆಯಿಂದ ಬಂದವರಿಗೆ ಇದನ್ನು ಹೇಳಿ ಬರೆಸುವಾಗಲೂ ನಾನು ಮಗಳ ಕತ್ತನ್ನೇ ನೋಡುತ್ತಿದ್ದೇನೆ. ಅವರು ಓದಿ ಹೇಳಿದ್ದನ್ನು ಕೇಳಿದೆನು. ಎಲ್ಲವೂ ನಿಜ, ನಾನೇ ಆಡಿದ್ದು, ಯಾರೂ ಎತ್ತಿಕೊಟ್ಟ ಮಾತಲ್ಲ.

ಸ್ಥಳ: ಆಸ್ಪತ್ರೆ, ಆರನೇ ಹಾಸಿಗೆಯ ಪಕ್ಕ
ದಿನಾಂಕ: 12, ಗುರುವಾರ, ಮಧ್ಯಾಹ್ನ 2.40
ಸಹಿ: (ಮಗಳ ಕತ್ತು ನೋಡುತ್ತಾ ಹಾಕಿ ತಪ್ಪಿದ್ದರಿಂದ ಎರಡು ಸಲ ಹಾಕಿದೆ)